ಮನೆಯೊಳಗೊಂದು ಕೂಟ

ಮಳೆಗಾಲ ಹಿಡಿಯಿತೆಂದರೆ ನಮ್ಮ ಮನೆಯಲ್ಲಿ ಶನಿವಾರ ರಾತ್ರಿಯ ಊಟ ಬೇಗ ಮುಗಿಯುತ್ತದೆ. ಏಳೂವರೆಗೆ ಪಾತ್ರೆ ತೊಳೆದಿಟ್ಟು, ಜಗಲಿಗೆ ಜಮಖಾನ ಹಾಸಿ, ಫ್ಯಾನು ಆರಿಸಿ ಕೂತರೆ ಎಂಟಕ್ಕೆ ಸರಿಯಾಗಿ ಚೆಂಡೆಯ ಮೊದಲ ಪೆಟ್ಟು ಕೇಳಿಸುತ್ತದೆ. ಭಾಗವತರು ಎದುರಿಗಿಲ್ಲ, ಅರ್ಥಧಾರಿಗಳೂ ಇಲ್ಲ. ಇರುವುದು ಎರಡು ಸ್ಪೀಕರು, ಒಂದು ಹಳೆಯ ಫೋನು, ಗೋಡೆಗೊರಗಿ ಕೂತ ಎಂಬತ್ತು ದಾಟಿದ ಅಪ್ಪಯ್ಯ, ಮತ್ತು ನಾವು ನಾಲ್ಕು ಮಂದಿ. ಕರ್ಣಪರ್ವವೋ ವಾಲಿವಧೆಯೋ ಶುರುವಾಗುತ್ತದೆ. ಒಮ್ಮೊಮ್ಮೆ ನೆರೆಮನೆಯವರೂ ಕೊಡೆ ಮಡಚಿಟ್ಟು ಬಂದು ಕೂರುತ್ತಾರೆ. ಎರಡು ಗಂಟೆ ಯಾರೂ ಮೊಬೈಲು ಮುಟ್ಟುವುದಿಲ್ಲ.

ಮೊದಲೇನೂ ಹೀಗಿರಲಿಲ್ಲ. ರಾತ್ರಿ ಹೊರಗೆ ಹೋಗಿ ತಾಳಮದ್ದಲೆ ಕೇಳುವುದು ಅಪ್ಪಯ್ಯನಿಗೆ ಆಗದಾದಾಗ, ನಾನು ಫೋನಿನಲ್ಲಿ ಯಾವುದೋ ಒಂದು ಪ್ರಸಂಗ ಹಾಕಿ ಅವರ ಮಂಚದ ಪಕ್ಕ ಇಟ್ಟು ನನ್ನ ಕೆಲಸಕ್ಕೆ ಹೋಗುತ್ತಿದ್ದೆ. ಹತ್ತು ನಿಮಿಷ ಕಳೆದು ಬಂದು ನೋಡಿದರೆ ಅದನ್ನು ಆರಿಸಿರುತ್ತಿದ್ದರು. "ಕೇಳ್ತದೆ, ಆದ್ರೆ ಎಂತದೂ ತಿಳಿಯುದಿಲ್ಲ ಮಾರಾಯ" ಎನ್ನುತ್ತಿದ್ದರು. ವಯಸ್ಸಾಯಿತು, ಆಸಕ್ತಿ ಹೋಯಿತು ಎಂದುಕೊಂಡೆ. ಅದು ನನ್ನ ತಪ್ಪು. ಫೋನಿನ ಪುಟ್ಟ ಸ್ಪೀಕರು, ಒಳಕೋಣೆಯಲ್ಲಿ ಓಡುತ್ತಿದ್ದ ಟಿವಿ, ಎಲ್ಲಿಂದಲೋ ಎತ್ತಿದ ಕಳಪೆ ಮುದ್ರಣ, ಜೊತೆಗೆ ಕೂರುವವರು ಯಾರೂ ಇಲ್ಲದಿರುವುದು, ಈ ನಾಲ್ಕೂ ಸೇರಿ ಅವರ ಕೇಳುವ ಸುಖವನ್ನು ಕೆಡಿಸಿದ್ದವು. ಒಂದೊಂದನ್ನೇ ಸರಿಮಾಡುತ್ತಾ ಹೋದಂತೆ ನಾನೇ ಕೇಳುವುದನ್ನು ಕಲಿತೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚು ಖರ್ಚಿನ ಮಾತು ಇದರಲ್ಲಿಲ್ಲ. ಹೊತ್ತು ಕೊಡಬೇಕು, ಅಷ್ಟೇ.

ಮನೆಗೆ ಒಗ್ಗುವ ಕಲೆ

ಎಲ್ಲ ಕಲೆಯೂ ಮುದ್ರಣಕ್ಕೆ ಒಂದೇ ರೀತಿ ಒಗ್ಗುವುದಿಲ್ಲ. ಯಕ್ಷಗಾನ ಬಯಲಾಟದ ಬಣ್ಣದ ವೇಷ ಗದ್ದೆಯ ಬಯಲಿನಲ್ಲಿ, ನಡುರಾತ್ರಿಯಲ್ಲಿ ಅಬ್ಬರಿಸಿಕೊಂಡು ಬರುವುದನ್ನು ನೋಡಿದವರಿಗೆ ಅದೇ ವೇಷ ಅಂಗೈಯಗಲದ ಪರದೆಯಲ್ಲಿ ಗೊಂಬೆಯಂತೆ ಕಾಣುತ್ತದೆ. ತಾಳಮದ್ದಲೆಗೆ ಆ ಕಷ್ಟವಿಲ್ಲ. ಅಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಚೆಂಡೆ ಮದ್ದಲೆ ಜೊತೆಗೂಡುತ್ತವೆ, ಅರ್ಥಧಾರಿ ಕೂತಲ್ಲೇ ಆ ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಪ್ರಸಂಗದ ಪುಸ್ತಕದ್ದು. ಮಾತು ಮಾತ್ರ ಆಗಲೇ, ಅಲ್ಲೇ ಹುಟ್ಟಿದ್ದು. ಮೊದಲಿನಿಂದಲೂ ಕಿವಿಗಾಗಿಯೇ ಇರುವ ಕಲೆಯಾದ್ದರಿಂದ ಮುದ್ರಣದಲ್ಲಿ ಅದು ಕಳೆದುಕೊಳ್ಳುವುದು ಬಹಳ ಕಡಿಮೆ. ಹಾಗಾಗಿ ತಾಳಮದ್ದಲೆಯ ವಿಡಿಯೋ ಸಿಕ್ಕರೂ ಪರದೆಯನ್ನು ಬೋರಲು ಹಾಕಿ ಕೇಳಿ ಎನ್ನುತ್ತೇನೆ. ಕೂತವರ ಶಾಲು, ಹಿಂದಿನ ಬ್ಯಾನರು, ನಡುವೆ ಎದ್ದು ಓಡಾಡುವವರು ಕಾಣದಾದಾಗ ಮಾತಿನಲ್ಲೇ ಕಿಷ್ಕಿಂಧೆ ಕಟ್ಟಿಕೊಳ್ಳುತ್ತದೆ.

ಋತುವಿನ ಸಂಬಂಧವೂ ಇದೆ. ಕರಾವಳಿಯಲ್ಲಿ ಮೇ ತಿಂಗಳ ಕೊನೆಯ ಹೊತ್ತಿಗೆ, ಪತ್ತನಾಜೆಗೆ, ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲವಿಡೀ ದೇವಸ್ಥಾನದ ಪೌಳಿಯಲ್ಲಿ, ಶಾಲೆಯ ಹಾಲಿನಲ್ಲಿ, ಮನೆಗಳಲ್ಲಿ ಕೂಟ ನಡೆಯುವುದು ಆಗ. ಹೊರಗೆ ಮಳೆ, ಒಳಗೆ ಮಾತು. ಮನೆಯಲ್ಲಿ ಕೇಳುವವರೂ ಆ ಕಾಲವನ್ನೇ ಹಿಡಿದುಕೊಳ್ಳುವುದು ಚೆಂದ. ಹೆಂಚಿನ ಮನೆಯಾದರೆ ಸರಿ. ತಗಡಿನ ಮಾಡಿನ ಕೆಳಗೆ ಮಾತ್ರ ಜೋರು ಮಳೆ ನಿಲ್ಲುವವರೆಗೆ ಕಾಯಬೇಕಾದೀತು.

ಗಮಕವೂ ಇಂಥದ್ದೇ. ಗಮಕಿ ಕಾವ್ಯವನ್ನು ರಾಗದಲ್ಲಿ ವಾಚಿಸುತ್ತಾರೆ, ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ತುಂಗೆಯ ದಂಡೆಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಗಮಕವೆಂಬ ಕಲೆಯೊಂದು ಇದೆ ಎಂದು ಎಷ್ಟೋ ಮನೆಗಳಿಗೆ ಮೊದಲ ಬಾರಿ ತಿಳಿಯಿತು. ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಈಗ ಅವರ ವಾಚನ ಕೇಳಬೇಕೆಂದರೆ ಮುದ್ರಣವೇ ಗತಿ.

ಹರಿಕಥೆ ಇವೆರಡಕ್ಕಿಂತ ಸಲೀಸು. ಭದ್ರಗಿರಿ ಅಚ್ಯುತದಾಸರದ್ದಾಗಲಿ, ಕ್ಯಾಸೆಟ್ ಕಾಲದಲ್ಲಿ ಹಳ್ಳಿಹಳ್ಳಿಯ ಜಾತ್ರೆಗಳಲ್ಲಿ ಮೊಳಗುತ್ತಿದ್ದ ಗುರುರಾಜುಲು ನಾಯ್ಡು ಅವರದ್ದಾಗಲಿ, ಕಥೆ ಕೈಹಿಡಿದು ನಡೆಸುತ್ತದೆ. ನಡುನಡುವೆ ಹಾಡು, ಉಪಕಥೆ, ನಗೆ. ಮಕ್ಕಳಿರುವ ಮನೆಯಲ್ಲಿ ಇಲ್ಲಿಂದಲೇ ಶುರುಮಾಡಿ, ಮೊದಲ ವಾರ ಇಪ್ಪತ್ತು ನಿಮಿಷ ಸಾಕು. ಕಥೆ ಕುತೂಹಲದ ತುದಿಯಲ್ಲಿದ್ದಾಗ ನಿಲ್ಲಿಸಿದರೆ ಮರುದಿನ ಅವರೇ ಬಂದು ಕೇಳುತ್ತಾರೆ.

ಪುಸ್ತಕ ತೆರೆದಿಟ್ಟು

ಕೂಟಕ್ಕೆ ಹೋಗುತ್ತಿದ್ದ ಹಳಬರಿಗೆ ಪ್ರಸಂಗದ ಪದ್ಯಗಳು ಬಾಯಿಗೆ ಬರುತ್ತಿದ್ದವು. ನಮಗೆ ಬರುವುದಿಲ್ಲ. ಹಾಗಾಗಿ ಕೇಳುವ ಮೊದಲು ಅರ್ಧ ಗಂಟೆ ಪ್ರಸಂಗದ ಪುಸ್ತಕ ಓದಿ. ಉಡುಪಿ, ಮಂಗಳೂರಿನ ಪುಸ್ತಕದಂಗಡಿಗಳಲ್ಲಿ ಈಗಲೂ ತೆಳುವಾದ ಪ್ರಸಂಗ ಪುಸ್ತಕಗಳು ಸಿಗುತ್ತವೆ. ಪಿಡಿಎಫ್ ರೂಪದಲ್ಲೂ ಸಾಕಷ್ಟು ಓಡಾಡುತ್ತಿವೆ. ಪದ್ಯ ಎದುರಿಗಿದ್ದರೆ ಭಾಗವತರು ಯಾವುದನ್ನು ಬಿಟ್ಟರು, ಯಾವ ಸಾಲನ್ನು ಎರಡು ಸಲ ಎತ್ತಿ ಹೇಳಿದರು, ಅರ್ಥಧಾರಿ ಯಾವ ಪದವನ್ನು ಹಿಡಿದು ಮಾತು ಬೆಳೆಸಿದರು ಎಂಬುದು ತಿಳಿಯುತ್ತದೆ. ಅದು ತಿಳಿಯತೊಡಗಿದ ಮೇಲೆ ತಾಳಮದ್ದಲೆ ಬೇಸರವಾದದ್ದೇ ಇಲ್ಲ.

ಮೊದಲ ಬಾರಿ ಕೇಳುವವರಿಗೆ ನಾನು ಹೇಳುವ ಪ್ರಸಂಗ ಪಾರ್ತಿಸುಬ್ಬನ ರಾಮಾಯಣದ ವಾಲಿಯ ಕಥೆ. ಕಥೆ ಎಲ್ಲರಿಗೂ ಗೊತ್ತು, ಪಾತ್ರಗಳು ಕಡಿಮೆ, ಮತ್ತು ಪ್ರಶ್ನೆ ನೇರವಾದದ್ದು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ನಾನು ನಿನಗೇನು ಮಾಡಿದ್ದೆ ಎಂದು ನೆಲಕ್ಕೊರಗಿದ ವಾಲಿ ರಾಮನನ್ನೇ ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಧರ್ಮದ ಮಾತೇಕೆ ಎಂದು ರಾಮ ಕೇಳುತ್ತಾನೆ. ಇಬ್ಬರ ಮಾತೂ ಸರಿಯೆನಿಸುವ ಈ ಇಕ್ಕಟ್ಟಿನಲ್ಲೇ ಅರ್ಥಧಾರಿಯ ಕಸುಬು ಇರುವುದು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಒಂದು ಶನಿವಾರ ಕೇಳಿ. ಮುಂದಿನ ಶನಿವಾರ ಅದೇ ಪ್ರಸಂಗ, ಅದೇ ಪದ್ಯ, ಬೇರೊಬ್ಬ ಅರ್ಥಧಾರಿಯ ವಾಲಿ. ಪದ್ಯ ಒಂದೇ, ವಾಲಿ ಇಬ್ಬರು! ಕೂಟದಲ್ಲಿ ಕೂತು ಕೇಳುವವರಿಗೆ ಹೀಗೆ ಪಕ್ಕಪಕ್ಕದಲ್ಲಿಟ್ಟು ನೋಡುವ ಅನುಕೂಲ ಇರಲಿಲ್ಲ. ಒಂದು ಮಾತು ತಪ್ಪಿಹೋದರೆ ತಪ್ಪಿಯೇ ಹೋಯಿತು. ನಮಗೆ ಹಿಂದಕ್ಕೆ ಹೋಗಿ ಮತ್ತೆ ಕೇಳುವ ಭಾಗ್ಯವಿದೆ. ಅದನ್ನು ಎರಡನೆಯ ಸಲ ಕೇಳುವಾಗ ಬಳಸಿ. ಮೊದಲ ಸಲ ಏನೇ ತಪ್ಪಿದರೂ ನಿಲ್ಲಿಸಬೇಡಿ, ಮಾತಿನ ಓಟ ಕಡಿಯುತ್ತದೆ.

ಗಮಕಕ್ಕೆ ಕುಮಾರವ್ಯಾಸ ಭಾರತದ ಒಂದು ಪ್ರತಿ ಬೇಕೇ ಬೇಕು. ಭಾಮಿನಿ ಷಟ್ಪದಿಯ ನಡೆ ಸ್ವಲ್ಪ ಗೊತ್ತಿದ್ದರೆ ಕೇಳುವ ರುಚಿಯೇ ಬೇರೆ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು 14 ಮಾತ್ರೆ. ಮೂರನೆಯದು ಮತ್ತು ಆರನೆಯದು ಮಾತ್ರ ಉದ್ದ: ಅದೇ ನಡೆ ಮೂರು ಸಲ ಬಂದು, ಕೊನೆಗೊಂದು ಗುರು ಸೇರಿ 23. ಗಮಕಿ ಉಸಿರು ಹಿಡಿದು ಓಡಿ, ಆ ಗುರುವಿನ ಮೇಲೆ ಬಂದು ನಿಲ್ಲುತ್ತಾರೆ. ಆ ನಿಲುಗಡೆಗಾಗಿ ಕಾಯುವುದೇ ಒಂದು ಸುಖ. ಆದರೆ ಅರ್ಥ ಸಾಲಿನ ಕೊನೆಗೇ ಮುಗಿಯಬೇಕೆಂದೇನಿಲ್ಲ. ಎಷ್ಟೋ ಸಲ ಪದವೇ ಎರಡು ಸಾಲಿನ ನಡುವೆ ಹಂಚಿಹೋಗಿರುತ್ತದೆ. ಒಳ್ಳೆಯ ಗಮಕಿ ಛಂದಸ್ಸು ಕೆಡದಂತೆ ಅರ್ಥಕ್ಕೆ ತಕ್ಕ ಹಾಗೆ ಪದ ಬಿಡಿಸುತ್ತಾರೆ. ಕಣ್ಣು ಪುಸ್ತಕದ ಮೇಲೆ, ಕಿವಿ ವಾಚನದ ಮೇಲೆ ಇಟ್ಟರೆ ಈ ಜಾಣ್ಮೆ ಎದ್ದು ಕಾಣುತ್ತದೆ. ದಿನಕ್ಕೆ ಹತ್ತು ಪದ್ಯ, ವ್ಯಾಖ್ಯಾನದ ಸಮೇತ. ಅದಕ್ಕಿಂತ ಹೆಚ್ಚು ಬೇಡ.

ಮೂರು ನಿಮಿಷದಿಂದ ಮೂರು ಗಂಟೆಗೆ

ಶಾಸ್ತ್ರೀಯ ಸಂಗೀತ ನಮಗೆ ಹಿಡಿಸುವುದಿಲ್ಲ ಎನ್ನುವವರಿಗೆ ಹಳೆಯ 78 ಆರ್‌ಪಿಎಂ ತಟ್ಟೆಗಳ ಮುದ್ರಣ ಕೇಳಿಸುತ್ತೇನೆ. ಒಂದು ಬದಿಗೆ ಸುಮಾರು ಮೂರು ನಿಮಿಷ. ಅಷ್ಟರೊಳಗೆ ರಾಗದ ಮುಖ ತೋರಿಸಿ, ಬಂದಿಶ್ ಹಾಡಿ, ತಾನ್ ಹೊಡೆದು ಮುಗಿಸಬೇಕು. ಭಾರತದಲ್ಲಿ ಇದನ್ನು ಮೊದಲಿಗೆ ಸಾಧಿಸಿ ತೋರಿಸಿದವರಲ್ಲಿ ಗೌಹರ್ ಜಾನ್ ಒಬ್ಬರು. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಹಾಡಿನ ಮುದ್ರಣ ನಡೆಯಿತು. ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುವುದು ಆ ಮುದ್ರಣಗಳಲ್ಲಿ ಕೇಳಿಸುತ್ತದೆ. ಕಡೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದಿದ್ದವು. ಆಗಿನ ತೆಳು ದನಿಯನ್ನೂ, ಮುಂದೆ ನಾವೆಲ್ಲ ಬಲ್ಲ ಆ ಗಂಭೀರ ದನಿಯನ್ನೂ ಒಂದರ ಹಿಂದೊಂದು ಕೇಳಿ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಬದಲಾದ ದನಿಯನ್ನೇ ಆಕೆ ತನ್ನ ಶಕ್ತಿಯಾಗಿ ಮಾಡಿಕೊಂಡ ಬಗೆ ಕಿವಿಗೇ ತಿಳಿಯುತ್ತದೆ.

ಈ ತಟ್ಟೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಆ ಕಾಲದ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78ರ ವೇಗದಲ್ಲಿ ಮುದ್ರಣಗೊಂಡವಲ್ಲ. ಕ್ಯಾಸೆಟ್ಟಿನಿಂದ ಎತ್ತಿದವುಗಳಲ್ಲೂ ವೇಗ ಏರುಪೇರಾಗಿರುತ್ತದೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೆ ಶ್ರುತಿ ಅರ್ಧ ಮನೆ ಏರುತ್ತದೆ. ಪರಿಚಿತ ಗಾಯಕರ ದನಿ ಹುಡುಗನದರಂತೆ ಕೇಳಿಸಿದರೆ ದೋಷ ಅವರದಲ್ಲ, ಬೇರೆ ಪ್ರತಿ ಹುಡುಕಿ.

ಮೂರು ನಿಮಿಷದ ರುಚಿ ಹತ್ತಿದ ಮೇಲೆ ಎಲ್‌ಪಿ ಕಾಲಕ್ಕೆ ಬನ್ನಿ. ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ ಎಲ್ಲರೂ ಇಲ್ಲಿ ಸಿಗುತ್ತಾರೆ. ಸ್ಟುಡಿಯೋ ಮುದ್ರಣ ಸ್ವಚ್ಛ. ಆದರೆ ನನಗೆ ಇಷ್ಟವಾದದ್ದು ಕಚೇರಿಯ ಮುದ್ರಣ. ತಂಬೂರಿ ಶ್ರುತಿ ಮಾಡುವ ಸದ್ದು, ತಬಲಾದವರಿಗೆ ಲಯ ಸೂಚಿಸುವ ಮೆಲುದನಿ, ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದಾಗ ಮುಂದಿನ ಸಾಲಿನಿಂದ ಏಳುವ 'ವಾಹ್', ಇವೆಲ್ಲ ಸೇರಿ ನಮ್ಮನ್ನೂ ಜಮಖಾನದ ಮೇಲೆ ಕೂರಿಸುತ್ತವೆ. ಒಂದು ಗಂಟೆಯ ಖಯಾಲ್ ಕೇಳುವಾಗ ಮೊದಲ ಕಾಲುಗಂಟೆ ಏನೂ ಆಗುತ್ತಿಲ್ಲ ಎನಿಸಬಹುದು. ವಿಲಂಬಿತದಲ್ಲಿ ಒಂದು ಆವರ್ತ ಮುಗಿಯಲು ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯಬಹುದು. ಆಗ ಬಂದಿಶ್‌ನ ಆರಂಭದ, ಮುಖಡಾ ಎಂಬ ಪುಟ್ಟ ತುಣುಕಿಗಾಗಿ ಮಾತ್ರ ಕಾಯಿರಿ. ಅದು ಬಂದು ಸಮ್ ಮೇಲೆ ಕೂರುವುದನ್ನು ನಾಲ್ಕು ಸಲ ಗುರುತಿಸಿದರೆ ಐದನೆಯ ಸಲಕ್ಕೆ ನಿಮ್ಮ ತಲೆ ತಾನಾಗಿ ಆಡುತ್ತದೆ.

ಕರ್ನಾಟಕ ಸಂಗೀತಕ್ಕೆ ಕೈಯಲ್ಲಿ ತಾಳ ಹಾಕುವುದೇ ಒಳದಾರಿ. ಆದಿತಾಳ ಕಲಿಯಲು ಹತ್ತು ನಿಮಿಷ ಸಾಕು. ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಪೆಟ್ಟು, ಅಂಗೈ ಮೇಲೆ. ಪೆಟ್ಟು, ಅಂಗೈ ಮೇಲೆ. ಒಟ್ಟು ಎಂಟು. ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲಾಗಲಿ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯಾಗಲಿ, ಆರ್.ಕೆ. ಶ್ರೀಕಂಠನ್ ಅವರ ಗಾಯನವಾಗಲಿ, ಆದಿತಾಳದ ಒಂದು ಕೃತಿ ಹಾಕಿಕೊಂಡು ಕೊನೆಯವರೆಗೂ ತಾಳ ತಪ್ಪದಂತೆ ಹಾಕಿ ನೋಡಿ. ಮೃದಂಗದವರೇ ಮುಂದೆ ಬಂದು ನುಡಿಸುವ ತನಿ ಆವರ್ತನದಲ್ಲಿ ತಪ್ಪುತ್ತದೆ, ಎಲ್ಲರಿಗೂ ತಪ್ಪುತ್ತದೆ. ಮಕ್ಕಳ ಜೊತೆ ಹಾಕಿದರೆ ಅದು ಆಟವೂ ಆಗುತ್ತದೆ.

ಹಿಂದೂಸ್ತಾನಿ ರಾಗಗಳಿಗೆ ಹೊತ್ತಿದೆ: ಬೆಳಗಿನ ತೋಡಿ, ಮಧ್ಯಾಹ್ನದ ಸಾರಂಗ, ಇಳಿಸಂಜೆಯ ಪೂರಿಯಾ, ದೀಪ ಹಚ್ಚುವ ವೇಳೆಯ ಯಮನ್, ತಡರಾತ್ರಿಯ ಮಾಲಕಂಸ. ಸಭಾಂಗಣಗಳ ಕಚೇರಿ ಹೆಚ್ಚಾಗಿ ಸಂಜೆಯೇ ನಡೆಯುವುದರಿಂದ ಬೆಳಗಿನ ರಾಗಗಳು ಅಲ್ಲಿ ಅಪರೂಪ. ಮನೆಯಲ್ಲಿ ಹಾಗಲ್ಲ. ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ತೋಡಿ ಕೇಳುವ ಅವಕಾಶ ನಮಗೆ ಮಾತ್ರ.

ಕೋಣೆ, ಸ್ಪೀಕರು, ಕಿವಿ

ಈಗ ಅಪ್ಪಯ್ಯನ ಮಾತಿಗೆ ಮರಳುತ್ತೇನೆ. ಕೇಳುತ್ತದೆ, ಆದರೆ ತಿಳಿಯುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರ ಸದ್ದುಗಳನ್ನು. ಅ, ಆ, ಓ ಎಂಬ ಸ್ವರಗಳ ಬಲ ಕೆಳಗಿನ ಸದ್ದಿನಲ್ಲಿದೆ. ಸ, ಶ, ಚ, ತ ಮುಂತಾದ ವ್ಯಂಜನಗಳು ಮೇಲಿನ ಸದ್ದಿನಲ್ಲಿವೆ. ಹಾಗಾಗಿ ಹಿರಿಯರಿಗೆ ದನಿ ಕೇಳುತ್ತದೆ, ಪದ ಬಿಡಿಸಿ ಕೇಳುವುದಿಲ್ಲ. ಇದು ತಿಳಿಯದೆ ನಾವು ವಾಲ್ಯೂಮ್ ಏರಿಸುತ್ತೇವೆ. ಆಗ ಮದ್ದಲೆ ಗುಮ್ಮೆನ್ನುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಮಾಡಬೇಕಾದ್ದು ಬೇರೆ. ಬಾಸ್ ಇಳಿಸಿ, ಟ್ರೆಬಲ್ ತುಸು ಏರಿಸಿ, ಸ್ಪೀಕರನ್ನು ಅವರಿಂದ ನಾಲ್ಕೈದು ಅಡಿ ದೂರದೊಳಗೆ, ಕಿವಿಯ ಮಟ್ಟಕ್ಕೆ ತಂದಿಡಿ. ಅಪ್ಪಯ್ಯನ ಮಟ್ಟಿಗೆ ಇದೊಂದರಿಂದಲೇ ಅರ್ಧ ಸರಿಹೋಯಿತು. ಶ್ರವಣಯಂತ್ರ ಹಾಕುವವರಾದರೆ ಅದು ಬ್ಲೂಟೂತಿನಲ್ಲಿ ಫೋನಿಗೆ ನೇರ ಸೇರುವಂಥದ್ದೇ ಎಂದು ವೈದ್ಯರ ಬಳಿ ಕೇಳಿ.

ಫೋನಿನ ಸ್ಪೀಕರು ಸುದ್ದಿಗೆ ಸಾಕು, ಸಂಗೀತಕ್ಕೆ ಸಾಲದು. ಮೃದಂಗದ ಎಡದ ತೊಪ್ಪಿ, ತಬಲಾದ ಡಗ್ಗಾ, ತಂಬೂರಿಯ ಮಂದ್ರ ಷಡ್ಜ ಇವು ಇರುವ ತಗ್ಗಿನ ಸದ್ದನ್ನು ಆ ಪುಟ್ಟ ಸ್ಪೀಕರು ಹೊರಡಿಸಲಾರದು. ಕೆಲವರು ಫೋನನ್ನು ಸ್ಟೀಲ್ ಪಾತ್ರೆಯೊಳಗೆ ಇಟ್ಟು ಕೇಳುತ್ತಾರೆ. ಸದ್ದು ದೊಡ್ಡದಾಗುತ್ತದೆ ನಿಜ, ಆದರೆ ಎಲ್ಲ ದನಿಯೂ ಕೊಡದೊಳಗಿಂದ ಬಂದಂತೆ ಆಗುತ್ತದೆ. ಅದಕ್ಕಿಂತ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಮ್ಯೂಸಿಕ್ ಸಿಸ್ಟಮ್ ಒರೆಸಿ ತೆಗೆಯಿರಿ. ಹಿಂಬದಿಯಲ್ಲಿ ಆಕ್ಸ್ ಎಂಬ ತೂತು ಇದ್ದರೆ ಒಂದು 3.5 ಮಿ.ಮೀ. ತಂತಿಯಲ್ಲಿ ಫೋನನ್ನು ಸೇರಿಸಬಹುದು. ಫೋನಿನಲ್ಲಿ ಆ ತೂತಿಲ್ಲದಿದ್ದರೆ ಯುಎಸ್‌ಬಿ-ಸಿ ಅಡಾಪ್ಟರ್ ಬೇಕಾಗುತ್ತದೆ. ಟಿವಿಯಲ್ಲಿ ಕೇಳುವವರು ಸೆಟ್ಟಿಂಗಿನಲ್ಲಿ ಸರೌಂಡ್, ಬಾಸ್ ಬೂಸ್ಟ್ ಇದ್ದರೆ ತೆಗೆದುಹಾಕಿ. ಸಿನಿಮಾದ ಗುಡುಗಿಗೆ ಮಾಡಿದ ವ್ಯವಸ್ಥೆ ಅದು, ತಂಬೂರಿಗಲ್ಲ.

ಎರಡು ಸ್ಪೀಕರು ಇದ್ದರೆ ಅವುಗಳ ನಡುವೆ ಎಷ್ಟು ಅಂತರವೋ ನಿಮಗೂ ಅಷ್ಟೇ ಅಂತರ ಇರಲಿ, ಮುಖ ನಿಮ್ಮ ಕಡೆ ತುಸು ತಿರುಗಿರಲಿ. ಗೋಡೆಯ ಮೂಲೆಗೆ ತಳ್ಳಿದರೆ ಬಾಸ್ ಊದಿಕೊಳ್ಳುತ್ತದೆ. ಹೊಸ ಮನೆಗಳ ನುಣುಪು ಟೈಲ್ಸು, ಬರಿಗೋಡೆ ಸದ್ದನ್ನು ಮರಳಿಸಿ ಮಾತನ್ನು ಕಲಸಿಬಿಡುತ್ತವೆ. ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಇರುವ ಕೋಣೆ ಆರಿಸಿಕೊಳ್ಳಿ. ಫ್ಯಾನು ಆರಿಸುವುದನ್ನು ಮೊದಲೇ ಹೇಳಿದೆ. ಸೆಕೆಗಾಲದಲ್ಲಿ ಕಷ್ಟವೇ, ಆದರೆ ತಂಬೂರಿಯ ಝೇಂಕಾರ ಫ್ಯಾನಿನ ಗಾಳಿಯಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ.

ಹೆಡ್‌ಫೋನು ಒಬ್ಬರೇ ಕೇಳುವಾಗ ಒಳ್ಳೆಯದು. ತಂತಿಯದಾದರೆ ಕಡಿಮೆ ಬೆಲೆಯಲ್ಲೂ ಚೆನ್ನಾಗಿ ಕೇಳಿಸುವಂಥವು ಸಿಗುತ್ತವೆ. ಸದ್ದಿನ ಅಳತೆ ಮಾತ್ರ ಮರೆಯಬೇಡಿ. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬೆಲ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹೇಳಿದೆ. ಹೆಡ್‌ಫೋನ್ ಹಾಕಿಕೊಂಡಿರುವಾಗ ಪಕ್ಕದವರು ಸಹಜ ದನಿಯಲ್ಲಿ ಕರೆದದ್ದು ಕೇಳದಿದ್ದರೆ ಸದ್ದು ತಗ್ಗಿಸಿ.

ಆ್ಯಪುಗಳಲ್ಲಿ ಮೂರು ವಿಷಯ ಮೊದಲೇ ಸರಿಮಾಡಿಕೊಳ್ಳಿ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ ಬೇಡ. ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಸುವ ಕ್ರಾಸ್‌ಫೇಡ್ ಬೇಡ. ಒಂದೂವರೆ ಪಟ್ಟು ವೇಗದಲ್ಲಿ ಕೇಳುವ ಅಭ್ಯಾಸವಂತೂ ಬೇಡವೇ ಬೇಡ. ಅರ್ಥಧಾರಿಯ ಮೌನಕ್ಕೂ ಅರ್ಥವಿದೆ. ಆಲಾಪದ ನಡುವೆ ನುಗ್ಗುವ ಜಾಹೀರಾತು ತಪ್ಪಿಸಬೇಕಾದರೆ ಚಂದಾ ಕೊಡಬೇಕು, ಅಥವಾ ಆಕಾಶವಾಣಿಯ ಕಡೆ ಹೋಗಬೇಕು. ಡೇಟಾದ ಚಿಂತೆ ಇರುವವರಿಗೆ ಒಂದು ಲೆಕ್ಕ: ಧ್ವನಿ ಮಾತ್ರ 128 ಕೆಬಿಪಿಎಸ್‌ನಲ್ಲಿ ಬಂದರೆ ಗಂಟೆಗೆ ಸುಮಾರು 58 ಎಂಬಿ, 320ರಲ್ಲಿ ಬಂದರೆ 144 ಎಂಬಿ. ವಿಡಿಯೋ ಇದರ ಎಷ್ಟೋ ಪಟ್ಟು ನುಂಗುತ್ತದೆ. ನೆಟ್‌ವರ್ಕ್ ಸಿಗದ ಮಲೆನಾಡಿನ ಮನೆಗಳಲ್ಲಿ, ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದೇ ದಾರಿ.

ಹುಡುಕುವ ಜಾಗ, ಕೊಡುವ ಹಣ

ಏನು ಕೇಳಲಿ ಎಂದು ಹುಡುಕುವುದರಲ್ಲೇ ಅರ್ಧ ಸಂಜೆ ಕಳೆಯುವವರಿಗೆ ಆಕಾಶವಾಣಿಯೇ ಮದ್ದು. ಆ ಹೆಸರೂ ನಮ್ಮದೇ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ನಡೆಸಿದ ಬಾನುಲಿ ಕೇಂದ್ರಕ್ಕೆ ಇದ್ದ ಹೆಸರು ಮುಂದೆ ದೇಶಕ್ಕೆಲ್ಲ ಆಯಿತು. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ 'ರಾಗಂ' ದಿನವಿಡೀ ಶಾಸ್ತ್ರೀಯ ಸಂಗೀತಕ್ಕೆಂದೇ ಮೀಸಲಾದ ವಾಹಿನಿ. ಪ್ರಸಾರ ಭಾರತಿಯ 'ನ್ಯೂಸ್ ಆನ್ ಏರ್' ಆ್ಯಪಿನಲ್ಲಿ ಅದನ್ನು ದುಬೈನಲ್ಲಿದ್ದವರೂ ನ್ಯೂಜೆರ್ಸಿಯಲ್ಲಿದ್ದವರೂ ಕೇಳಬಹುದು. ಆರಿಸುವ ಗೋಜಿಲ್ಲದೆ ಬಂದದ್ದನ್ನು ಕೇಳುವುದರಿಂದ ಹೊಸ ಹೆಸರುಗಳ ಪರಿಚಯವಾಗುತ್ತದೆ. ಪ್ರಸಾರ ಭಾರತಿ ತನ್ನ ಸಂಗ್ರಹದ ಹಳೆಯ ಕಚೇರಿಗಳನ್ನೂ ಯೂಟ್ಯೂಬಿನಲ್ಲಿ ಹಾಕುತ್ತಿದೆ. ಹಳೆಯ ಗ್ರಾಮಫೋನ್ ತಟ್ಟೆಗಳಿಗೆ ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ 'ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್' ಇದೆ, ಇಂಟರ್ನೆಟ್ ಆರ್ಕೈವ್ ಇದೆ. ತಟ್ಟೆ, ಗ್ರಾಮಫೋನುಗಳನ್ನು ಕಣ್ಣಾರೆ ನೋಡಬೇಕೆಂದರೆ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಹುಡುಕುವಾಗ ಕಲಾವಿದರ ಹೆಸರೊಂದನ್ನೇ ಹಾಕಿದರೆ ತುಣುಕುಗಳೇ ಮೇಲೆ ಬರುತ್ತವೆ. ಪ್ರಸಂಗದ ಹೆಸರು, ಅರ್ಥಧಾರಿಯ ಹೆಸರು, ಭಾಗವತರ ಹೆಸರು ಮೂರನ್ನೂ ಕನ್ನಡದಲ್ಲೇ ಬರೆದು ಹುಡುಕಿ. ಒಂದು ಗಂಟೆಗಿಂತ ಉದ್ದದ್ದನ್ನು ಆರಿಸಿ. ಚೆಂಡೆಯ ಪೆಟ್ಟು ಒಡೆದು ಚರಚರ ಎನ್ನುತ್ತಿದ್ದರೆ ಮೈಕಿಗೆ ಸದ್ದು ಮಿತಿಮೀರಿ ಹೋಗಿದೆ ಎಂದು ಅರ್ಥ. ನಿಮ್ಮ ಸ್ಪೀಕರು ಅದನ್ನು ಸರಿಮಾಡಲಾರದು.

ನೇರ ಪ್ರಸಾರದ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. 2020ರ ಕೊರೊನಾ ಕಾಲದಲ್ಲಿ ಕೂಟಗಳು ಪರದೆಗೆ ಬಂದಾಗ ಎಷ್ಟೋ ಕಲಾವಿದರಿಗೆ ದೂರದ ಕೇಳುಗರು ಸಿಕ್ಕರು. ಈಗಲೂ ನೇರ ಪ್ರಸಾರದ ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ನೂರು ರೂಪಾಯಿಯಾದರೂ ಹಾಕಿ. ಮೇಳದ ಆಟಕ್ಕೆ, ಸಭೆಯ ಕಚೇರಿಗೆ ಹೋಗಿಬರುವ ಖರ್ಚು ಉಳಿದಿರುತ್ತದೆಯಲ್ಲ. ಹಾಗೆಯೇ ಕೂಟದಲ್ಲಿ ಮೊಬೈಲಿನಲ್ಲಿ ಮುದ್ರಿಸಿಕೊಂಡದ್ದನ್ನು ಕಲಾವಿದರನ್ನು ಕೇಳದೆ ಜಾಲಕ್ಕೆ ಹಾಕಬೇಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಅದರೊಳಗಿನ ಸಾಹಿತ್ಯಕ್ಕೆ ಬೇರೆ ಲೆಕ್ಕ, ಕವಿಯ ಕಾಲಾನಂತರ 60 ವರ್ಷ.

ಅಟ್ಟದ ಮೇಲಿನ ಪೆಟ್ಟಿಗೆ

ಜಾಲದಲ್ಲಿ ಎಲ್ಲೂ ಸಿಗದ ಮುದ್ರಣಗಳು ನಿಮ್ಮ ಅಟ್ಟದ ಮೇಲೇ ಇರಬಹುದು. ಕರಾವಳಿ, ಮಲೆನಾಡಿನಲ್ಲಿ ಟೇಪ್‌ರೆಕಾರ್ಡರ್ ಹಿಡಿದು ಆಟ, ಕೂಟಗಳಿಗೆ ಹೋಗುವವರು ಊರಿಗೊಬ್ಬರಾದರೂ ಇದ್ದರು. 1990ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆಯನ್ನು, ಅವರ ಕಾಲಕ್ಕೆ ಹುಟ್ಟಿಯೇ ಇರದ ಹುಡುಗರು ಇಂದು ಬಾಯಿಪಾಠ ಹೇಳುತ್ತಿದ್ದರೆ ಅದು ಕ್ಯಾಸೆಟ್ಟುಗಳ ಪುಣ್ಯ. ನಮ್ಮ ಮನೆಯ ಪೆಟ್ಟಿಗೆಯಲ್ಲೂ ಅಪ್ಪಯ್ಯ ಮುದ್ರಿಸಿದ ಮೂವತ್ತೆಂಟು ಕ್ಯಾಸೆಟ್ಟು ಇದ್ದವು.

ಅವುಗಳನ್ನು ಕಂಪ್ಯೂಟರಿಗೆ ಇಳಿಸುವುದು ನಿಧಾನದ ಕೆಲಸ. ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ. ಆ ಒಂದು ಕ್ಯಾಸೆಟ್ಟಿನ ಬೂಷ್ಟು ಹೆಡ್‌ಗೆ ಅಂಟಿ ಉಳಿದವನ್ನೂ ಕೆಡಿಸುತ್ತದೆ. ಅದನ್ನು ಬೇರೆಯಿಟ್ಟು, ಈ ಕೆಲಸ ಬಲ್ಲವರಿಗೆ ಕೊಡಿ. ಉಳಿದವುಗಳ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ, ಆಗ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ವರ್ಷಗಟ್ಟಲೆ ಸುಮ್ಮನೆ ಕೂತ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ಆಮೇಲೆ ಪ್ಲೇಯರಿನ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸಿನ ಮೂಲಕ ಕಂಪ್ಯೂಟರಿಗೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. 44.1 ಕಿಲೋಹರ್ಟ್ಸ್, 16 ಬಿಟ್, ವೇವ್ ಕಡತ. ಸ್ಟೀರಿಯೋ ಆದರೆ ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ. ದೊಡ್ಡದೆಂದು ಹೆದರಬೇಡಿ, ಮೂಲ ಪ್ರತಿ ಹೀಗೇ ಇರಲಿ. ಹಂಚಲು ಬೇಕಾದರೆ ಎಂಪಿ3 ಮಾಡಿಕೊಳ್ಳಿ.

ಇಳಿಸಿದ ಮೇಲೆ ಸುಯ್ ಎನ್ನುವ ಟೇಪಿನ ಸದ್ದನ್ನು ತೆಗೆಯುವ ಆಸೆಯಾಗುತ್ತದೆ. ತಂತ್ರಾಂಶ ಅದನ್ನು ಮಾಡಿಯೂ ಕೊಡುತ್ತದೆ. ಆದರೆ ಆ ಸುಯ್ ಇರುವ ಜಾಗದಲ್ಲೇ ವ್ಯಂಜನಗಳೂ ಇರುತ್ತವೆ. ನಾನು ಮೊದಲ ಎರಡು ಕ್ಯಾಸೆಟ್ಟುಗಳನ್ನು ಹೀಗೆ ತೊಳೆದು ತೊಳೆದು, ಕರ್ಣನೂ ಶಲ್ಯನೂ ಬಾಯಲ್ಲಿ ಹತ್ತಿ ಇಟ್ಟುಕೊಂಡು ಜಗಳವಾಡಿದಂತೆ ಮಾಡಿಬಿಟ್ಟಿದ್ದೆ. ಮೂಲ ಕಡತ ಉಳಿಸಿಕೊಂಡಿದ್ದರಿಂದ ಬಚಾವಾದೆ. ಸುಯ್ ಇರಲಿ. ಐದು ನಿಮಿಷಕ್ಕೆ ಕಿವಿ ಅದನ್ನು ಮರೆಯುತ್ತದೆ.

ಕಡತಕ್ಕೆ ಹೆಸರು ಕೊಡುವುದನ್ನು ನಾಳೆಗೆ ಬಿಡಬೇಡಿ. ಪ್ರಸಂಗ, ಊರು, ತಾರೀಖು, ಭಾಗವತರು, ಚೆಂಡೆ, ಮದ್ದಲೆ, ಅರ್ಥಧಾರಿಗಳು, ಮುದ್ರಿಸಿದವರು. ಕವರಿನ ಮೇಲೆ ಬರೆದದ್ದು ಮಾಸಿಹೋಗಿದ್ದರೆ ಮನೆಯ ಹಿರಿಯರಿಗೆ ಕೇಳಿಸಿ. ದನಿ ಕೇಳಿದ ಕೂಡಲೇ ಹೆಸರು ಹೇಳುತ್ತಾರೆ, ಅಂದು ಎಷ್ಟು ಜನ ಸೇರಿದ್ದರು, ಮಳೆ ಬಂದಿತ್ತೇ ಎಂಬುದನ್ನೂ ಹೇಳುತ್ತಾರೆ. ಅದನ್ನೂ ಬರೆದಿಡಿ. ಕಡತದ ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರುವ ಮಗನದೋ ಮಗಳದೋ ಮನೆಯಲ್ಲಿರಲಿ.

ಸಿ-90 ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ಐದು ಗಂಟೆಯ ಕೂಟಕ್ಕೆ ನಾಲ್ಕು ಕ್ಯಾಸೆಟ್ಟು ಬೇಕಿತ್ತು. ಬದಿ ತಿರುಗಿಸಿ ಹಾಕುವಷ್ಟರಲ್ಲಿ ಅರ್ಧ ನಿಮಿಷದ ಮಾತು ಹೋಗಿಬಿಡುತ್ತಿತ್ತು. ನಮ್ಮ ಕರ್ಣಪರ್ವದಲ್ಲಿ ಅಂಥ ಆರು ಕಡೆ ಮಾತು ತುಂಡಾಗಿದೆ. ಕೊನೆಯ ಕ್ಯಾಸೆಟ್ಟಂತೂ ಮಂಗಳಕ್ಕೆ ಮುಂಚೆಯೇ ಮುಗಿದಿದೆ. ಆ ಕಡತವನ್ನು ಕೇಳುವ ಶನಿವಾರ, ಟಕ್ ಎಂದು ಟೇಪು ನಿಂತ ಸದ್ದು ಬಂದಾಗ ನಾನು ಫೋನಿನತ್ತ ಕೈ ಚಾಚುವುದಿಲ್ಲ. ಅಪ್ಪಯ್ಯ ಗೋಡೆ ಬಿಟ್ಟು ನೆಟ್ಟಗೆ ಕೂತು, ತೊಡೆಯ ಮೇಲೆ ತಾಳ ಹಾಕುತ್ತಾ, ಉಳಿದ ಮಂಗಳ ಪದವನ್ನು ತಾವೇ ಹೇಳಿ ಮುಗಿಸುತ್ತಾರೆ.